ಮೂರು ಗಂಟೆಯ ಒಳ್ಳೆ ಗಾಳಿ

ಮೊನ್ನೆ ಹೆಂಡತಿ ನಮ್ಮ ಅಟ್ಟದಿಂದ ಒಂದು ಹಳೆಯ ಬೆತ್ತದ ಕುರ್ಚಿ ಇಳಿಸಿದಳು. ಕೊಬ್ಬರಿಯ ಜೊತೆ ವರ್ಷಗಟ್ಟಲೆ ಬಿದ್ದಿದ್ದರಿಂದ ಅದಕ್ಕೂ ಹೊಗೆಯ ವಾಸನೆ ಹತ್ತಿತ್ತು. ಆ ವಾಸನೆಗೆ ನನಗೆ ದೊಡ್ಡಮ್ಮನ ನೆನಪಾಗುತ್ತದೆ. ಜೊತೆಗೆ ನಾಚಿಕೆಯೂ ಆಗುತ್ತದೆ.

ನಮ್ಮ ಕಡೆ ತೆಂಗಿನಕಾಯಿ ಅಟ್ಟದ ಮೇಲೆ ವರ್ಷವಿಡೀ ಒಣಗಿ ಕೊಬ್ಬರಿಯಾಗುವುದು ನಿಮಗೆ ಗೊತ್ತಿರಬಹುದು. ಕೆಳಗೆ ಆಗಾಗ ಸಿಪ್ಪೆಯ ಹೊಗೆ ಹಾಕುತ್ತಾರೆ. ನನ್ನನ್ನು ಸಾಕಿದ ದೊಡ್ಡಮ್ಮ ಆ ಹೊಗೆಯಲ್ಲೇ ಮುದುಕಿಯಾಗಿ, ಉಬ್ಬಸ ತಂದುಕೊಂಡಿದ್ದಳು. ನಾನು ಆಗ ತಿಪಟೂರಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ಸುಮ್ಮನಿರಲು ಬರುತ್ತಿರಲಿಲ್ಲ. ಹೊಗೆ ನಿಲ್ಲಿಸಿದೆ. ದಿನಾ ತರಗತಿ ಮುಗಿಸಿ ಬಂದು, ಮೂರು ಗಂಟೆಗೆ ಈ ಕುರ್ಚಿಯನ್ನು ಅಂಗಳಕ್ಕೆ ಹೊತ್ತು ಅವಳನ್ನು ಕೂರಿಸತೊಡಗಿದೆ.

“ಒಳ್ಳೆ ಗಾಳಿ ದೊಡ್ಡಮ್ಮ, ಎದೆ ತುಂಬ ಎಳ್ಕೊ,” ಎನ್ನುತ್ತಿದ್ದೆ.

ಅದು ಮಳೆ ಕೈಕೊಟ್ಟ ವರ್ಷ. ಎಲ್ಲೋ ದೂರದ ಪೆಸಿಫಿಕ್ ಸಾಗರ ಬಿಸಿಯಾಗಿದೆ, ಎಲ್ ನಿನೊ ಬಂದಿದೆ ಎಂದು ಪೇಪರಿನವರು ಬರೆಯುತ್ತಿದ್ದರು. ಅಲ್ಲಿ ನೀರು ಕಾದರೆ ಎಷ್ಟೋ ಸಲ ಇಲ್ಲಿ ಮೋಡ ಕಟ್ಟುವುದಿಲ್ಲ. ಬಿಸಿಲು ಸುರಿಯುತ್ತದೆ, ಗಾಳಿ ನಿಂತುಬಿಡುತ್ತದೆ, ಹೆದ್ದಾರಿಯ ಲಾರಿಗಳ ಹೊಗೆ ಆ ಬಿಸಿಲಲ್ಲಿ ಬೆಂದು ಓಝೋನ್ ಹುಟ್ಟುತ್ತದೆ. ಆಕಾಶದಲ್ಲಿ ನಮ್ಮನ್ನು ಕಾಯುವ ಅನಿಲವೇ ಮೂಗಿನ ಮಟ್ಟಕ್ಕೆ ಬಂದರೆ ಎದೆ ಸುಡುತ್ತದೆ. ಇದನ್ನು ನಾನು ಇಪ್ಪತ್ತು ವರ್ಷ ಪಾಠ ಮಾಡಿದ್ದೆ. ಮನೆಗೆ ಬರುವಾಗ ಪಾಠವನ್ನು ಕಾಲೇಜಿನಲ್ಲೇ ಬಿಟ್ಟು ಬರುತ್ತಿದ್ದೆನೆಂದು ಕಾಣುತ್ತದೆ.

ಉಬ್ಬಸ ಹೆಚ್ಚಿತು. ಗಾಳಿ ಸಾಲದೆಂದು ಇನ್ನೂ ಒಂದು ಗಂಟೆ ಜಾಸ್ತಿ ಕೂರಿಸಿದೆ. ಒಂದು ಸಂಜೆ ಮಾತಾಡಲೂ ಉಸಿರಿಲ್ಲದೆ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮಾರನೆಯ ದಿನ, ಕಾಲೇಜಿನ ಮಾಳಿಗೆಯಲ್ಲಿ ಹುಡುಗರು ಇಟ್ಟಿದ್ದ ಗಾಳಿ ಅಳೆಯುವ ಯಂತ್ರದ ಗೆರೆ ನೋಡಿದೆ. ಬೆಳಿಗ್ಗೆ ಓಝೋನ್ ಕಡಿಮೆ, ಹೊತ್ತೇರಿದಂತೆ ಜಾಸ್ತಿ, ಮೂರು ಗಂಟೆಗೆ ಎಲ್ಲಕ್ಕಿಂತ ಮೇಲೆ.

ಆಸ್ಪತ್ರೆಯಲ್ಲಿ ಅವಳ ಮುಂದೆ ತಪ್ಪೊಪ್ಪಿಕೊಂಡೆ, ಸಮುದ್ರದಿಂದ ಶುರುಮಾಡಿ.

“ಅಷ್ಟು ದೂರ ಯಾಕ್ಲಾ ಹೋಯ್ತೀಯ? ಹೊರಗೆ ಕೂತ್ರೆ ಎದೆ ಉರೀತದೆ ಅಂತ ಮೂರನೇ ದಿನಕ್ಕೇ ಗೊತ್ತಾಗಿತ್ತು ಬುಡು.”

“ಮತ್ಯಾಕೆ ಹೇಳ್ಲಿಲ್ಲ?”

“ನೀನು ಕುರ್ಚಿ ಹೊತ್ಕಂಡು ಬತ್ತಿದ್ದೆ ಕಣಪ್ಪ. ಬ್ಯಾಡ ಅನ್ನಕ್ಕೆ ಮನಸು ಬರ್ಲಿಲ್ಲ.”

ನನಗೆ ಅಳು ಬಂತು. ಮಳೆ ಬಿದ್ದ ಮೇಲೆ ಅವಳು ಚೇತರಿಸಿಕೊಂಡಳು. ಇನ್ನೂ ಕೆಲವು ವರ್ಷ ಬದುಕಿ, ಮಧ್ಯಾಹ್ನವೆಲ್ಲ ನಡುಮನೆಯಲ್ಲೇ ಕೂತಳು.

ಈಗ ನನಗೂ ಕೆಮ್ಮು. ಸಮುದ್ರ ಮತ್ತೆ ಕಾದಿದೆಯಂತೆ. ಆಕಾಶದಲ್ಲಿ ಒಂದು ಮೋಡವಿಲ್ಲ. ಹೆಂಡತಿ ತನ್ನ ಮಂಡಿನೋವಿನಲ್ಲೇ ಕುರ್ಚಿಯನ್ನು ಅಂಗಳಕ್ಕೆ ಹೊತ್ತು, ಸೆರಗಿನಿಂದ ಒರೆಸಿದಳು.

“ಯಾವಾಗ್ಲೂ ಒಳಗೇ ಇರ್ತೀರಲ್ಲ. ಬನ್ರೀ, ಒಳ್ಳೆ ಗಾಳಿ ಐತೆ.”

ಗಡಿಯಾರ ನೋಡಿದೆ. ಮೂರು ಗಂಟೆ. ಪಾಠ ಪೂರ್ತಿ ನೆನಪಿತ್ತು.

ಹೋಗಿ ಕೂತೆ.