ಸತ್ತವನ ರಾಗಕ್ಕೆ ಕುಣಿದವರು

ಗವ್ರಿಲನಿಗೆ ಎಪ್ಪತ್ತೊಂದು. ಮರಮುರೇಶ್ ಸೀಮೆಯಲ್ಲಿ, ಇಜಾ ಹೊಳೆಯ ಈಚೆ ದಡದ ಊರಿನಲ್ಲಿ ಐವತ್ತು ವರ್ಷ ಪಿಟೀಲು ಬಾರಿಸಿದವನು. ಕೈ ಮೃದು, ಬಾಯಿ ಮಹಾ ಖಾರ. ನಮ್ಮಲ್ಲಿ ಪ್ರತಿ ಗಂಡಸಿಗೂ ತನ್ನದೇ ಒಂದು ರಾಗ ಇರುತ್ತದೆ. ಕುಣಿಯಲು ಎದ್ದಾಗ ಅದನ್ನೇ ಬಾರಿಸಬೇಕು, ಸತ್ತಾಗ ಹೆಣದ ಪೆಟ್ಟಿಗೆಯ ಮುಂದೆಯೂ ಅದನ್ನೇ. ಅದನ್ನು ಮಾಡಿಕೊಡುವವನು ಗವ್ರಿಲ. ಅಪ್ಪನ ರಾಗವನ್ನು ಬಿಚ್ಚಿ, ಮಗನ ನಡಿಗೆ ನೋಡಿ, ಅವನ ಅಳತೆಗೆ ಹೊಲಿದುಕೊಡುತ್ತಿದ್ದ.

"ಹೊಸದು ಅನ್ನೋದು ಆಕಾಶದಿಂದ ಉದುರಲ್ಲ ಕಣಯ್ಯಾ. ನಾನೂ ಕದ್ದವನೇ. ಆದ್ರೆ ಕದ್ದದ್ದನ್ನ ಹಾಗ್‌ಹಾಗೇ ತೊಟ್ಕೊಂಡು ಬೀದೀಲಿ ಮೆರೆಯೋನಲ್ಲ," ಎನ್ನುತ್ತಿದ್ದ.

ಅವನ ಜೀವದ ಗೆಳೆಯ, ಮರ ಕಡಿಯುವ ಗ್ರಿಗೋರೆ, ಹೋದ ಚಳಿಗಾಲದಲ್ಲಿ ತೀರಿಕೊಂಡ. ಪೆಟ್ಟಿಗೆಯ ಮುಂದೆ ಅವನ ರಾಗ ಬಾರಿಸುವಾಗ ಗವ್ರಿಲನಿಗೆ ಅಳು ಒತ್ತರಿಸಿ ಬಂತು. ಕಮಾನು ಜಾರಿ ತಂತಿ ಕೀರೆಂದಿತು. ಹೇಗೋ ಸಾವರಿಸಿಕೊಂಡು ಮುಗಿಸಿದ.

ಗ್ರಿಗೋರೆಯ ಹೆಂಡತಿ ಅನೂತ್ಸಾ ಅವನ ತೋಳು ಹಿಡಿದುಕೊಂಡಳು. "ಇದನ್ನ ಇನ್ಯಾರಿಗೂ ಬಾರಿಸಬೇಡ ಗವ್ರಿಲ. ನಾನು ಹೋದಾಗ ನನ್ನ ಮುಂದೆ ಬಾರಿಸು. ಇದನ್ನ ಕೇಳ್ಕೊಂಡೇ ಅವನ ಹತ್ರ ಹೋಗ್ತೀನಿ."

ಗವ್ರಿಲ ಮಾತು ಕೊಟ್ಟ. ಆ ಮುದುಕಿಗೆ ಉಳಿದಿದ್ದ ಆಸೆ ಅದೊಂದೇ.

ಅಲ್ಲೇ ಗೋಡೆಗೊರಗಿ ದಾನಿಲ ಫೋನು ಎತ್ತಿ ಹಿಡಿದು ನಿಂತಿದ್ದ. ಮದುವೆಗಳಲ್ಲಿ ಕೀಬೋರ್ಡ್ ಬಾರಿಸುವ ನಲವತ್ತರ ಗಂಡಸು. ಸೀನಿದರೂ ಇನ್ನೊಬ್ಬರ ಹಾಗೇ ಸೀನುವ ಪ್ರಾಣಿ. ಅಂಥವನು ಸಾವಿನ ಮನೆಯಲ್ಲಿ ಏನು ಹಿಡಿಯುತ್ತಿದ್ದಾನೆಂದು ಆಗ ಯಾರೂ ಕೇಳಲಿಲ್ಲ.

ಈಸ್ಟರ್ ಕಳೆದ ಮೇಲೆ ಊರಲ್ಲೊಂದು ಮದುವೆ. ಗವ್ರಿಲ, ಅನೂತ್ಸಾ ಒಂದೇ ಮೇಜಿಗೆ ಕೂತು ಎಲೆಕೋಸಿನ ಸುರುಳಿ ತಿನ್ನುತ್ತಿದ್ದರು. ದಾನಿಲ ಮೈಕು ಹಿಡಿದು, "ಈಗ ಕೇಳ್ರಪ್ಪಾ, ನನ್ನ ಹೊಸ ಹಾಡು!" ಎಂದ. ಧಡಧಡ ತಾಳದ ಮೇಲೆ ಗ್ರಿಗೋರೆಯ ರಾಗ ಹೊರಬಿತ್ತು. ಥೂ! ರಾಗವಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ನಡುವೆ ಆ 'ಕೀರ್' ಕೂಡ ಇತ್ತು. ಗವ್ರಿಲನ ಅಳುವನ್ನೂ ಆ ಭೂಪ ಭಟ್ಟಿ ಇಳಿಸಿದ್ದ. ಅದು ಬಂದಾಗಲೆಲ್ಲ ಜನ "ಹೋಯ್!" ಎಂದು ಕೂಗಿ ಒಂಟಿಕಾಲಲ್ಲಿ ಕುಪ್ಪಳಿಸಿದರು. ಅನೂತ್ಸಾಳ ತುತ್ತು ಕೈಯಲ್ಲೇ ಉಳಿಯಿತು.

ಗವ್ರಿಲ ತಟ್ಟೆ ತಳ್ಳಿದ. ಎದ್ದು ಹೋಗಿ ವೈರು ಕಿತ್ತೆಸೆದ. "ಹುಲೀನ ನೋಡಿ ನರಿ ಬರೆ ಎಳ್ಕೊಂಡ್ರೆ ನಗಬಹುದು ಕಣೋ. ನೀನು ಹೆಣದ ಮೈಮೇಲಿನ ಅಂಗಿ ಬಿಚ್ಕೊಂಡು ಬಂದಿದೀಯಲ್ಲೋ, ನಾಚಿಕೆಗೆಟ್ಟವನೇ!"

"ರೇಗಬೇಡ ಮಾವ. ಜನಕ್ಕೆ ಇಷ್ಟವಾಯ್ತಲ್ಲ? ಬೇಕಾದ್ರೆ ನೀನೇ ಬಾರಿಸು, ತಗೋ," ಎಂದು ಪಕ್ಕದಲ್ಲಿದ್ದ ಮೇಳದವರ ಪಿಟೀಲು ಚಾಚಿ ನಕ್ಕ ದಾನಿಲ.

ರೋಷದಲ್ಲಿ ಗವ್ರಿಲನಿಗೆ ಕೊಟ್ಟ ಮಾತೇ ಮರೆತುಹೋಯಿತು. ಗ್ರಿಗೋರೆಯ ರಾಗ ಎಂದರೆ ಏನೆಂದು ಈ ಮುಟ್ಠಾಳರಿಗೆ ತೋರಿಸಿಯೇ ಬಿಡುತ್ತೇನೆಂದು ಪಿಟೀಲು ಎತ್ತಿದ. ಗೆಳೆಯ ಬದುಕಿದ್ದಾಗ ಬಾರಿಸುತ್ತಿದ್ದ ಹಾಗೆ, ಎಲ್ಲೂ ಜಾರದೆ ಬಾರಿಸಿದ.

"ಏ ತಾತ, ಕೀರ್ ಎಲ್ಲಿ? ತಪ್ಪು ಬಾರಿಸ್ತಿದೀಯ!" ಎಂದು ಯಾರೋ ಕಿರುಚಿದರು. ಆ ಜಾಗ ಮತ್ತೆ ಬಂದಾಗ, ಕಮಾನು ಜಾರದಿದ್ದರೂ ಎಲ್ಲರೂ "ಹೋಯ್!" ಎಂದು ಕುಪ್ಪಳಿಸಿದರು.

ಗವ್ರಿಲ ಕಮಾನು ಇಳಿಸಿ ಮೇಜಿಗೆ ಬಂದ. ಮುಖ ಎತ್ತಲಾಗಲಿಲ್ಲ. "ತಪ್ಪಾಯ್ತು ಅನೂತ್ಸಾ," ಎಂದ.

ಅವಳು ತಲೆವಸ್ತ್ರ ಬಿಗಿದುಕೊಂಡು ಎದ್ದಳು. "ನಾನು ಸತ್ತಾಗ ಅದನ್ನ ಬಾರಿಸಬೇಡ ಗವ್ರಿಲ. ಪೆಟ್ಟಿಗೆ ಹೊರೋರು ಕುಪ್ಪಳಿಸಿಬಿಡ್ತಾರೆ."