ಸ್ತಂಭಕ್ಕೆ ಕಟ್ಟಿದ ತಟ್ಟಿ

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವನು ನಾನೇ ಮೊದಲು. ಗೇಣಿ ಒಕ್ಕಲಿನ ಮಗ, ಕಂಡವರ ಜಗಲಿಯ ಕೆಳಗೆ ನಿಂತು ಪುಸ್ತಕ ಕೇಳಿ ತಂದು ಓದಿದವನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅರವತ್ತರ ದಶಕದ ಮೊದಲಲ್ಲಿ ಹೊಸನಗರದಲ್ಲಿ ಹೈಸ್ಕೂಲ್ ಮೇಷ್ಟ್ರಾದೆ. ಸಾಗರದ ಸ್ಟುಡಿಯೋ ಒಂದರಿಂದ ಹಳೆಯ ಡಬ್ಬಿ ಕ್ಯಾಮೆರಾ ತಂದೆ.

ನಮ್ಮೂರಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಸ್ಮಾರಕ ಸ್ತಂಭವಿತ್ತು. ಸ್ವಾತಂತ್ರ್ಯದ ಚಳವಳಿಯಲ್ಲಿ ಜೈಲಿಗೆ ಹೋಗಿ ತಿರುಗಿ ಬಾರದ ನಾಲ್ವರ ಹೆಸರು ಅದರ ಗಾರೆಯ ಮೇಲೆ ಉಬ್ಬಕ್ಷರದಲ್ಲಿ ಇದ್ದವು. ಕೊನೆಯದು ನನ್ನ ದೊಡ್ಡಪ್ಪನದು. ದೊಡ್ಡಮ್ಮನಿಗೆ ಓದಲು ಬಾರದು. ಗಂಡನದೊಂದು ಫೋಟೋ ಕೂಡ ಅವಳ ಹತ್ತಿರ ಇರಲಿಲ್ಲ. ಸಂತೆಗೆ ಹೋಗುವಾಗ ಬುಟ್ಟಿ ಇಳಿಸಿ, ಕೆಳಗಿನ ಸಾಲಿನ ಮೇಲೆ ಬೆರಳಾಡಿಸಿ, ಮತ್ತೆ ಬುಟ್ಟಿ ಹೊತ್ತು ನಡೆಯುವಳು.

ಮೃಗಶಿರಾ ಮಳೆ ಹಿಡಿಯುವ ಮೊದಲು ನಮ್ಮ ಕಡೆ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಮರೆ ಮಾಡುತ್ತಾರೆ. ದೊಡ್ಡಮ್ಮ ಆ ಸ್ತಂಭಕ್ಕೂ ಕಟ್ಟುವಳು. ಯಾರೂ ಅವಳಿಗೆ ಹೇಳಿದ್ದಲ್ಲ. ನೆನೆಸಿದ ಕಾಡುಬಳ್ಳಿಯಲ್ಲಿ ಅವಳು ಬಿಗಿದ ತಟ್ಟಿ ದೀಪಾವಳಿಯವರೆಗೆ ಮಿಸುಕುತ್ತಿರಲಿಲ್ಲ.

ನನಗೋ, ಬೇಸಿಗೆ, ಮಳೆ, ಚಳಿ ಮೂರು ಕಾಲದಲ್ಲೂ ಆ ಸ್ತಂಭದ ಚಿತ್ರ ತೆಗೆದು ಶಾಲೆಯ ಗೋಡೆಗೆ ಹಾಕುವ ಹಠ. ಬೇಸಿಗೆಯದು ಆಗಿತ್ತು.

"ಮಳೆಗಾಲದಲ್ಲಿ ಬರೀ ಸೋಗೆ ಕಾಣ್ತದಲ್ಲ ದೊಡ್ಡಮ್ಮ. ಒಂದ್ ಗಳಿಗೆ ಬಿಚ್ಲಾ?"

"ಬಿಚ್ಚಿಗಿಚ್ಚೀಯ ಮಾರಾಯ! ನಿನ್ನ ಡಬ್ಬಿ ನೆನೀತದೆ ಅಂತ ಅಂಗಿ ಒಳಗೆ ಬಚ್ಚಿಡ್ತೀಯ. ಅವ್ರು ನೆನೀಬಹುದಾ?"

ನಾನು ನಕ್ಕುಬಿಟ್ಟೆ. ಪುನರ್ವಸು ಮಳೆ ಒಂದು ದಿನ ಬಿಡುವು ಕೊಟ್ಟು ಹೊಳವಾದಾಗ, ಅವಳು ಗದ್ದೆ ನಟ್ಟಿಗೆ ಹೋಗಿದ್ದ ಹೊತ್ತು ನೋಡಿ ತಟ್ಟಿ ಬಿಚ್ಚಿದೆ. ಒದ್ದೆ ಕಂಬದ ಮೇಲೆ ನಾಲ್ಕೂ ಹೆಸರು ಹೊಳೆಯುತ್ತಿದ್ದವು. ಅಂಥ ಚಿತ್ರ ನಾನು ಮತ್ತೆ ತೆಗೆಯಲಿಲ್ಲ. ಆಮೇಲೆ ಅದೇ ಬಳ್ಳಿಯಿಂದ ತಟ್ಟಿ ಕಟ್ಟಿದೆ. ಅವಳ ಗಂಟು ನನಗೆ ಬಾರದು. ಕಾಲೇಜಿಗೆ ಸೇರಿದ ಮೇಲೆ ಬೂಟಿನ ಲಾಡಿ ಕಟ್ಟಲು ಕಲಿತ ಕೈ ಅದೇ ಎರಡು ಕುಣಿಕೆಯ ಗಂಟು ಹಾಕಿತು.

ವಾರದೊಳಗೆ ಗಾಳಿಗೆ ತಟ್ಟಿ ಕಳಚಿ ಬಿತ್ತು. ನಾನು ಹೊಸನಗರದಲ್ಲಿದ್ದೆ. ನಟ್ಟಿಯ ಗಡಿಬಿಡಿಯಲ್ಲಿ ಊರವರು ಯಾರೂ ಆ ಕಡೆ ನೋಡಲಿಲ್ಲ. ದೊಡ್ಡಮ್ಮ ಹೋಗಿ ನೋಡುವಷ್ಟರಲ್ಲಿ ನೆನೆದ ಗಾರೆ ಕೆಳಗಿನ ಸಾಲಿನ ಸಮೇತ ಚಕ್ಕೆಯಾಗಿ ಉದುರಿತ್ತು.

"ನನ್ನ ಕೈ ಸೋತು ಹೋತು ತಮ್ಮ," ಎಂದಳು, ನಾನು ಊರಿಗೆ ಬಂದಾಗ. ಅಷ್ಟೇ.

ಆ ಕ್ಷಣ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬದಲಿಗೆ ಸಾಗರಕ್ಕೆ ಹೋಗಿ ಫಿಲ್ಮು ತೊಳೆಸಿ, ಆ ಮಳೆಗಾಲದ ಚಿತ್ರ ತಂದು ಅವಳ ಕೈಗಿಟ್ಟೆ. "ನೋಡು, ಹೆಸರು ಎಲ್ಲೂ ಹೋಗಿಲ್ಲ." ತಟ್ಟಿ ಬಿಚ್ಚದೆ ಆ ಚಿತ್ರ ಬರುವಂತಿಲ್ಲ ಎಂಬುದು ಕೊಡುವಾಗ ನನಗೆ ಹೊಳೆಯಲೇ ಇಲ್ಲ. ನಾನು ತೋರಿಸಿದ ಸಾಲಿನ ಮೇಲೆ ಅವಳು ಬೆರಳಾಡಿಸಿದಳು. ಎರಡು ಸಲ ಆಡಿಸಿದಳು.

"ನುಣ್ಣಗದೆ," ಎಂದು ವಾಪಸು ಕೊಟ್ಟಳು.

ಚಳಿಗಾಲದ ಚಿತ್ರ ನಾನು ತೆಗೆಯಲಿಲ್ಲ. ಕ್ಯಾಮೆರಾ ಹಿಡಿದು ಎರಡು ಸಲ ಹೋದೆ, ಎರಡು ಸಲವೂ ಹಾಗೇ ಬಂದೆ. ಗಾರೆ ಹೋದ ಜಾಗದಲ್ಲಿ ಒಳಗಿನ ಕೆಂಪು ಜಂಬಿಟ್ಟಿಗೆ ಕಲ್ಲು ಕಾಣುತ್ತಿತ್ತು.

ಮುಂದಿನ ವರ್ಷ ಮೃಗಶಿರಾ ಮಳೆಗೆ ಮೊದಲು ದೊಡ್ಡಮ್ಮ ಸೋಗೆ ಹೊರಿಸಿಕೊಂಡು ನನ್ನನ್ನು ಸ್ತಂಭದ ಹತ್ತಿರ ಕರೆದೊಯ್ದಳು.

"ಉಳಿದ ಮೂವರಿಗಾದ್ರೂ ಕಟ್ಬೇಕಲ್ಲ. ನೀನೇ ಕಟ್ಟು."

ತಟ್ಟಿ ಆನಿಸಿ ಬಳ್ಳಿ ಸುತ್ತಿದೆ. ಕೈ ತನಗೆ ಗೊತ್ತಿದ್ದ ಗಂಟನ್ನೇ ಹಾಕಿತು. ಅವಳು ಮಡಿಲಿಂದ ಗಂಟು ಹಾಕಿದ್ದ ಒಣ ಬಳ್ಳಿಯ ತುಂಡೊಂದನ್ನು ತೆಗೆದು ನನ್ನ ಗಂಟಿನ ಪಕ್ಕ ಹಿಡಿದಳು. ಒಂದು ಕುಣಿಕೆ ಜಾರಿತ್ತು, ಇನ್ನೊಂದು ಹಾಗೇ ಇತ್ತು.

"ಬಿದ್ದ ತಟ್ಟೀಲಿ ಇತ್ತು. ಇಷ್ಟೆಲ್ಲ ಓದಿದಾನೆ, ಬಂದು ಹೇಳ್ತಾನೆ ಅಂತ ಕಾದೆ."

ಎರಡೂ ಒಂದೇ ಗಂಟು, ನನ್ನ ಬೂಟಿನ ಲಾಡಿಯದು.

"ಬಿಚ್ಚು," ಎಂದಳು. ಬಿಚ್ಚಿದೆ. ಅವಳು ಕಲ್ಲಿನ ಮೇಲೆ ಕೂತು, ಎಡಗೈ ಹೀಗೆ, ಬಳ್ಳಿಯ ತುದಿ ಒಳಗಿಂದ, ಎಂದು ಬಾಯಲ್ಲೇ ಹೇಳಿದಳು. ಸ್ತಂಭವನ್ನು ಮಾತ್ರ ಮುಟ್ಟಲಿಲ್ಲ.