ಅಪ್ಪಂದಿರಿಗೆ ಬುದ್ಧಿ ಹೇಳುತ್ತಿದ್ದ ಕಾಕಾ

ಹೋದ ವಾರ ಹೈದರಾಬಾದಿನ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ಕೂಸು ಕುಡಿದ ಹಾಲನ್ನೆಲ್ಲ ತಾಯಿಯ ಹೆಗಲ ಮೇಲೆ ಕಕ್ಕಿತು. ಹಾಲೂ ಅಲ್ಲದ, ಮೊಸರೂ ಅಲ್ಲದ ಆ ಹುಳಿ ವಾಸನೆ ಮುಚ್ಚಿದ ಲಿಫ್ಟಿನ ತುಂಬ ತುಂಬಿಕೊಂಡಿತು. ಕೂಸಿನ ಅಪ್ಪ ಪಕ್ಕದಲ್ಲೇ ಇದ್ದ. ಆಫೀಸಿಗೆ ಹೊರಟವನು, ಕೊರಳಲ್ಲಿ ಐಡಿ ಕಾರ್ಡು. ಅವನು ಆ ಕಾರ್ಡನ್ನು ಒಂದು ಕೈಯಿಂದ ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮೂಗು ಮುಚ್ಚಿಕೊಂಡು ಮೂಲೆಗೆ ಸರಿದು ನಿಂತ. ನನಗೆ ಹೇಸಿಗೆಯಾದದ್ದು ವಾಸನೆಗಲ್ಲ, ಅವನನ್ನು ನೋಡಿ. ಮನೆಗೆ ಬಂದು ಕೈಕಾಲು ತೊಳೆದುಕೊಂಡರೂ ಆ ಹೇಸಿಗೆ ಹೋಗಲಿಲ್ಲ... ಕಾಚಿಗೂಡದ ಕಾಕಾ ನೆನಪಾದರು. ಆ ವಾಸನೆ ಬಂದಾಗಲೆಲ್ಲ ನನಗೆ ಅವರೇ ನೆನಪಾಗುತ್ತಾರೆ.

ಕಾಕಾ ಎಂದರೆ ನಮ್ಮ ಹಳೆಯ ಮನೆ ಮಾಲೀಕರು. ಕಲಬುರ್ಗಿ ಕಡೆಯ ಮನೆತನ. ನಿಜಾಮರ ಕಾಲದಲ್ಲೇ ನೌಕರಿಗೆಂದು ಹೈದರಾಬಾದಿಗೆ ಬಂದು ಕಾಚಿಗೂಡದಲ್ಲಿ ನೆಲೆ ನಿಂತವರು. ಕಾಕಾ ನೀರಾವರಿ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿದ್ದರು. ಮೇಲಿನ ಮನೆಯಲ್ಲಿ ಅವರು, ಅವರ ಹೆಂಡತಿ ಕಾಕು, ಮಗ, ಸೊಸೆ, ಒಬ್ಬಳು ಮೊಮ್ಮಗಳು. ಕೆಳಗೆ ಬಾಡಿಗೆಗೆ ನಾವು. ನಾನು ಬಾಗಲಕೋಟೆ ಕಡೆಯವಳು. ನಮ್ಮವರು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ನಮಗೂ ಒಬ್ಬಳೇ ಮಗಳು, ಅವರ ಮೊಮ್ಮಗಳಿಗಿಂತ ತುಸು ದೊಡ್ಡವಳು. ಊರಿಗೆ ಊರೇ ಕಂಪ್ಯೂಟರ್ ಕ್ಲಾಸಿಗೆ ಓಡುತ್ತಿದ್ದ ವರ್ಷಗಳವು. ಕಾಕಾರ ಮಗ, ಸೊಸೆ ಇಬ್ಬರೂ ಸಾಫ್ಟ್‌ವೇರಿನವರು. ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿ ಹೋದರೆ ಮನೆ ಸೇರುವ ಹೊತ್ತಿಗೆ ಕೂಸು ಉಂಡು ಮಲಗಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಕಾಕಾರ ಪಡಸಾಲೆಯಲ್ಲಿ ದರ್ಬಾರು. ನಮ್ಮ ಕಡೆಯ ಹುಡುಗರು, ಹೊಸದಾಗಿ ಅಪ್ಪಂದಿರಾದವರು, ಎಲ್ಲೆಲ್ಲಿಂದಲೋ ಬಂದು ಕೂಡುತ್ತಿದ್ದರು. ಊರು ಬಿಟ್ಟು ಬಂದವರು ಪಾಪ, ಹೇಳುವ ಹಿರಿಯರು ಹತ್ತಿರ ಇರಲಿಲ್ಲ. ಕಾಕು ಮಾಡಿದ ಚುರುಮುರಿ ಸುಸಲಾ ತಿನ್ನುತ್ತ, ಚಹಾ ಕುಡಿಯುತ್ತ, ಅಪ್ಪನಾದವನು ಮನೆಯಲ್ಲಿ ಹೇಗಿರಬೇಕೆಂದು ಕಾಕಾರಿಂದ ಕಲಿಯುತ್ತಿದ್ದರು. ಕೂಸು ಅತ್ತರೆ ಗಂಡಸು ಎದ್ದು ಹೋಗಬಾರದು. ಮಕ್ಕಳ ಎದುರು ಹಲ್ಲು ಬಿಟ್ಟು ನಗಬಾರದು. ಹೊಸ ಚಪ್ಪಲಿ ತಂದರೆ ಕೈಯಾರೆ ಕೊಡಬಾರದು, ತಾಯಿಯ ಕೈಯಲ್ಲಿ ಕೊಡಿಸಬೇಕು, ಇಲ್ಲದಿದ್ದರೆ ಸದರ ಬೆಳೆಯುತ್ತದೆ. ಮಕ್ಕಳು ಅಪ್ಪನ ತಾಟಿನಲ್ಲಿ ಕೈ ಹಾಕಬಾರದು. ಹೊಲಸಿಗಂತೂ, ಅಂದರೆ ಹೇಲು ಉಚ್ಚೆ ವಾಂತಿಗೆ, ಗಂಡಸಿನ ಕೈ ತಾಗಲೇಬಾರದು.

"ತಂದಿ ಅಂದ್ರ ಹೆಂಗಿರಬೇಕ್ರಿ? ಅವನ ಚಪ್ಪಲಿ ಸಪ್ಪಳ ಕೇಳಿದ್ರ ಮಕ್ಕಳು ಪುಸ್ತಕ ತಗೀಬೇಕು," ಎನ್ನುತ್ತಿದ್ದರು ಕಾಕಾ. ಆ ಹುಡುಗರು ಗೋಣು ಹಾಕುತ್ತಿದ್ದರು. ಆಫೀಸಿನಲ್ಲಿ ಅಮೆರಿಕದವರ ಜೊತೆ ಇಂಗ್ಲಿಷಿನಲ್ಲಿ ವಾದ ಮಾಡಿ ಗೆಲ್ಲುವವರು ಇಲ್ಲಿ ಕೋಲೆಬಸವನ ಹಾಗೆ ತಲೆ ಆಡಿಸುವುದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡ ಉಪದೇಶ ಒಂದಿತ್ತು. ತನ್ನ ತಂದೆಯ ಎದುರು ತನ್ನ ಕೂಸನ್ನು ಎತ್ತಿಕೊಳ್ಳಬಾರದು. ಹಿರಿಯರ ಮುಂದೆ ತನ್ನ ಮಕ್ಕಳನ್ನು ಮುದ್ದು ಮಾಡುವುದು ಮರ್ಯಾದೆ ಬಿಟ್ಟ ಕೆಲಸವಂತೆ. ಇದು ಅವರೊಬ್ಬರದೇ ಅಲ್ಲ, ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದ್ದದ್ದೇ. ಆದರೆ ಕಾಕಾರ ಮಗ ಅದನ್ನು ಪಾಲಿಸುತ್ತಿದ್ದ ರೀತಿ ನೋಡಬೇಕಿತ್ತು. ಅಪ್ಪ ಎದುರಿಗಿದ್ದರೆ ಮಗಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವಳು ಬಂದು ಮೊಣಕಾಲು ಹಿಡಿದರೆ ಪೇಪರಿನಿಂದ ಕಣ್ಣು ಎತ್ತುತ್ತಿರಲಿಲ್ಲ. ಅದೇ ಕಾಕಾ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆನೆ ಆಡಿಸುತ್ತಿದ್ದರು, ಅಜ್ಜನಿಗೆ ಅಡ್ಡಿಯಿಲ್ಲವಲ್ಲ. ಅದೂ ತೊಳೆದು, ಒರೆಸಿ, ಪೌಡರ್ ಹಚ್ಚಿ ತಂದು ಕೊಟ್ಟರೆ ಮಾತ್ರ. ಮಗ ಎದುರಿನ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಿದ್ದ.

ನಮ್ಮವರ ಮೇಲೂ ಈ ಗಾಳಿ ಬೀಸಿತ್ತು. ಒಂದು ಭಾನುವಾರ ಮೇಲಿನಿಂದ ಇಳಿದು ಬಂದವರೇ, ಚಡ್ಡಿ ಹೊಲಸು ಮಾಡಿಕೊಂಡು ನಿಂತಿದ್ದ ಮಗಳನ್ನು ಬೆರಳಿನಿಂದ ತೋರಿಸಿ, "ಇದನ್ನ ನೋಡು," ಎಂದರು. ನಾನು ಅವರ ಕೈಗೆ ಒಗೆಯುವ ಬಕೆಟ್ಟು ಕೊಟ್ಟೆ, ಇನ್ನೊಂದು ಕೈಗೆ ಸಾಬೂನು ಕೊಟ್ಟೆ. "ನೋಡಿದ್ನಿ. ಈಗ ನೀವು ತೊಳೀರಿ," ಎಂದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಉಪದೇಶ ನಡೆಯಲಿಲ್ಲ. ನಮ್ಮವರು ಮುಖ ಸಿಂಡರಿಸಿಕೊಂಡೇ ಕಲಿತರು, ಆದರೆ ಕಲಿತರು.

ಕಾಕಾ ಕೆಟ್ಟವರು ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ನನಗೂ ಸುಲಭ. ಆದರೆ ನನಗೆ ಹೆರಿಗೆ ನೋವು ಶುರುವಾದ ದಿನ ನಮ್ಮವರು ಬಾಲಾನಗರದಲ್ಲಿದ್ದರು, ಬಿಸಿಲಿನಲ್ಲಿ ಓಡಿ ಹೋಗಿ ಆಟೋ ತಂದವರು ಕಾಕಾ. ಊಟ ಬಿಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೂ ಅವರೇ. ಅದನ್ನು ನಾನು ಮರೆತಿಲ್ಲ... ಮರೆಯದೆ ಇರುವುದರಿಂದಲೇ ಉಳಿದದ್ದನ್ನು ಕ್ಷಮಿಸಲು ಆಗುವುದಿಲ್ಲವೋ ಏನೋ.

ಆ ಒಂದು ಭಾನುವಾರ ಕಾಕಾರ ಮೊಮ್ಮಗಳಿಗೆ ಜ್ವರ ಇತ್ತು. ಅವಳಿಗೆ ಆಗ ಎರಡು ವರ್ಷ ತುಂಬಿತ್ತೋ ಇಲ್ಲವೋ. ಸೊಸೆಗೆ ಆಫೀಸಿನಲ್ಲಿ ಏನೋ ತುರ್ತು, ರಜೆಯ ದಿನವೂ ಕರೆಸಿಕೊಂಡಿದ್ದರು. ಮೇಲೆ ದರ್ಬಾರು ನಡೆದೇ ಇತ್ತು. ನಾನು ಕೆಳಗೆ ಕೊತ್ತಂಬರಿ ಸೋಸುತ್ತಿದ್ದೆ. ಕೂಸು ಅಳುವುದು ಕೇಳಿಸಿತು. ಯಾರಾದರೂ ಎತ್ತಿಕೊಂಡಾರು ಎಂದು ಸುಮ್ಮನಿದ್ದೆ. ಅಳು ನಿಲ್ಲಲಿಲ್ಲ. ಅದರ ಮೇಲೆ ಕಾಕುವಿನ ದನಿ ಬೇರೆ, "ನಾ ಮಡಿಯಾಗ ಇದ್ದೀನಿ, ಯಾರರೆ ಎತ್ಕೋರಿ ಅಕಿನ್ನ..."

ಮೇಲೆ ಹೋಗಿ ನೋಡಿದರೆ, ಹುಡುಗಿ ಪಡಸಾಲೆಯ ನಟ್ಟನಡುವೆ ತನ್ನ ವಾಂತಿಯಲ್ಲೇ ನಿಂತಿದ್ದಾಳೆ. ಲಂಗ ಒದ್ದೆಯಾಗಿ ಹೊಟ್ಟೆಗೆ ಅಂಟಿಕೊಂಡಿದೆ. ಸುತ್ತ ಗಂಡಸರು ಚಹಾದ ಕಪ್ಪು ಹಿಡಿದು, ಕಾಲು ಬೆಂಚಿನ ಮೇಲಕ್ಕೆ ಎಳೆದುಕೊಂಡು ಕೂತಿದ್ದಾರೆ. ಕಾಕು ದೇವರ ನೈವೇದ್ಯಕ್ಕೆ ಮಡಿಯಲ್ಲಿ ಅಡಿಗೆ ಮಾಡುತ್ತಿದ್ದವರು, ಮುಟ್ಟಿದರೆ ಮೈಲಿಗೆ, ಅಡಿಗೆಮನೆಯ ಹೊಸ್ತಿಲಲ್ಲಿ ಸೌಟು ಹಿಡಿದು ನಿಂತಿದ್ದಾರೆ. ಕಾಕಾ ಧೋತರದ ಚುಂಗು ಮೂಗಿಗೆ ಹಿಡಿದಿದ್ದಾರೆ. ಹುಡುಗಿ ಎರಡೂ ಕೈ ಮೇಲಕ್ಕೆತ್ತಿ ಅಪ್ಪನ ಕಡೆ ನೋಡುತ್ತಿದ್ದಾಳೆ. ಅವನು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ತನ್ನ ಅಪ್ಪನ ಕಡೆ ನೋಡುತ್ತಿದ್ದಾನೆ.

ಅಷ್ಟು ಜನ ದೊಡ್ಡವರಿದ್ದ ಕೋಣೆಯಲ್ಲಿ ಒಂದು ಕೂಸಿಗೆ ಒಂದು ಕೈ ಇರಲಿಲ್ಲ. ಥೂ, ಎಂದು ಬಾಯಿಗೆ ಬಂತು. ಹುಡುಗಿಯನ್ನು ಎತ್ತಿಕೊಂಡೆ. ಮೈ ಕೆಂಡದ ಹಾಗಿತ್ತು.

"ಯಾಕ್ರೀ, ನಿಮ್ಮ ಕೈಗೆ ಏನಾಗೈತ್ರಿ? ಕೂಸಿನ ಮೈ ಸುಡಾಕತ್ತೈತಿ," ಎಂದು ಮಗನನ್ನು ಕೇಳಿದೆ.

ಉತ್ತರ ಕೊಟ್ಟವರು ಕಾಕಾ. "ಹಿರೇರ ಮುಂದ ಎತ್ಕೋಬಾರದವ್ವಾ. ಅವಗ ರೀತಿ ಗೊತ್ತದ," ಎಂದರು. ಆ ದನಿಯಲ್ಲಿ ಹೆಮ್ಮೆ ಇತ್ತು. ಕೂತವರ ಕಡೆ ಒಮ್ಮೆ ಕಣ್ಣು ಹಾಯಿಸಿದರು, ನೋಡಿರಿ ನನ್ನ ಮಗನನ್ನು ಎನ್ನುವ ಹಾಗೆ. ನನಗೆ ಅತ್ಯಂತ ಅಸಹ್ಯವಾಗಿದ್ದು ಆ ವಾಂತಿಯಲ್ಲ, ಆ ನೋಟ.

ನಾನೇ ತೊಳೆದೆ, ಬಟ್ಟೆ ಬದಲಿಸಿದೆ, ಡಾಕ್ಟರ ಹತ್ತಿರ ಕರೆದೊಯ್ದೆ. ಜ್ವರ ಇಳಿಯಿತು. ಆದರೆ ಆಮೇಲೆ ಆ ಹುಡುಗಿ ಅಪ್ಪನ ಕಡೆ ಕೈ ಎತ್ತುವುದನ್ನೇ ಬಿಟ್ಟಳು. ಬಿದ್ದರೆ, ಅತ್ತರೆ, ಹೆದರಿದರೆ ಮೆಟ್ಟಿಲಿಳಿದು ನಮ್ಮ ಮನೆಗೆ ಬರುತ್ತಿದ್ದಳು. "ಮೌಶಿ", ಅಂದರೆ ಚಿಕ್ಕಮ್ಮ, ಎಂದು ನನ್ನ ಸೀರೆ ಹಿಡಿಯುತ್ತಿದ್ದಳು, ಇಲ್ಲವೇ ನಮ್ಮವರ ಹೆಗಲೇರುತ್ತಿದ್ದಳು. ಬೇಗ ಬಂದ ಸಂಜೆಗಳಲ್ಲಿ ಅವಳಪ್ಪ ಬಸ್ಸಿಳಿದು, ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ತನ್ನ ಮಗಳು ಇನ್ನೊಬ್ಬರ ಹೆಗಲ ಮೇಲೆ ನಗುವುದನ್ನು ನೋಡಿ, ಮೇಲೆ ಹೋಗುತ್ತಿದ್ದ. ಅಪ್ಪಂದಿರಿಗೆ ನಾನೂ ಒಂದು ಬುದ್ಧಿ ಹೇಳುವುದಾದರೆ ಇಷ್ಟೇ: ಕೂಸು ಕಕ್ಕಿದರೆ ಹಿಂದೆ ಸರಿಯಬೇಡಿ. ಮೊದಲು ಎತ್ತಿಕೊಳ್ಳಿ. ಅಂಗಿ ಆಮೇಲೆ ಒಗೆಯಬಹುದು. ಕೂಸು ಎಷ್ಟು ಸಲ ಕೈ ಎತ್ತೀತು? ನಾಲ್ಕು ಸಲ ಎತ್ತಿ ನೋಡುತ್ತದೆ, ಆಮೇಲೆ ಅದಕ್ಕೂ ತಿಳಿಯುತ್ತದೆ.

ವರ್ಷಗಳು ಹೋದವು. ಹುಡುಗಿ ಹೈಸ್ಕೂಲು ಹತ್ತುವ ಹೊತ್ತಿಗೆ ಕಾಕಾರಿಗೆ ಲಕ್ವಾ ಹೊಡೆಯಿತು. ಒಂದು ಮಗ್ಗುಲು ಪೂರ್ತಿ ಬಿದ್ದುಹೋಯಿತು, ಮಾತು ತೊದಲಿತು. ಭಾನುವಾರದವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು, ಸ್ವಂತ ಫ್ಲ್ಯಾಟು ಕೊಂಡು ಊರಾಚೆ ಹೋಗಿದ್ದರು. ನಾನು ಸಂಜೆ ಗಂಜಿ ತೆಗೆದುಕೊಂಡು ಮೇಲೆ ಹೋಗುತ್ತಿದ್ದೆ. ಒಂದು ಸಂಜೆ ಮಗ ಮಂಚದ ಹತ್ತಿರ ನಿಂತಿದ್ದ. ಹುಡುಗಿ ಔಷಧಿಯ ನೀರು ತಂದಳು. ಕಾಕಾ ಇಬ್ಬರನ್ನೂ ಬಹಳ ಹೊತ್ತು ನೋಡಿದರು.

"ಎತ್ಕೋ ಅಕಿನ್ನ," ಎಂದರು ಮಗನಿಗೆ.

ಅವನಿಗೆ ಅರ್ಥವಾಗಲಿಲ್ಲ. ಕಾಕಾ ಸಿಟ್ಟಿನಿಂದ, ಉಗುಳು ಸುರಿಸುತ್ತ, ಮತ್ತೆ ಹೇಳಿದರು. "ನನ್ನ ಮುಂದ ಎತ್ಕೋ. ನಾ ನೋಡಬೇಕು."

ಮಗ ಕೈ ಮುಂದೆ ಮಾಡಿದ. ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಆ ಕೈ ಗಾಳಿಯಲ್ಲೇ ನಿಂತಿತು. ಎದೆಯೆತ್ತರ ಬೆಳೆದ ಹುಡುಗಿ. ಅವಳು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಬೆನ್ನ ಹಿಂದೆ ಬಂದಳು. "ಬ್ಯಾಡ ಅಜ್ಜಾ, ನಾ ದೊಡ್ಡಾಕಿ ಆಗೀನಿ," ಎಂದಳು. ಮಗ ಕೈ ಇಳಿಸಿ, ಕನ್ನಡಕ ಒರೆಸುತ್ತ ಹೊರಗೆ ಹೋದ.

ಕಾಕಾ ನನ್ನ ಕಡೆ ತಿರುಗಿದರು. "ನಾನೂ ಈ ಮಗನ್ನ ಎತ್ತಿಲ್ಲವ್ವಾ," ಎಂದರು. "ನಮ್ಮಪ್ಪ ಇದ್ದರಲ್ಲ. ಅವರು ಹೋಗೋದರಾಗ ಇವಗ ಮೀಸಿ ಬಂದಿದ್ದವು."

ಕೇಳಿ ಕನಿಕರ ಬರಬೇಕಿತ್ತು. ನನಗೆ ಬರಲಿಲ್ಲ. ತನಗೆ ಆದ ಸಂಕಟ ಇಷ್ಟು ನೆನಪಿಟ್ಟುಕೊಂಡವರು ಅದನ್ನೇ ಮಗನಿಗೂ ಬಡಿಸಿದರಲ್ಲ, ಊರ ಹುಡುಗರನ್ನು ಕರೆದು ಸುಸಲಾ ತಿನ್ನಿಸಿ ಅವರಿಗೂ ಬಡಿಸಿದರಲ್ಲ ಎಂದು ಇನ್ನಷ್ಟು ಅಸಹ್ಯವಾಯಿತು. ಕೊನೆಗೆ ಮನಸ್ಸು ಕರಗಿದಾಗಲೂ ಬಾಯಿಂದ ಬಂದದ್ದು ಹುಕುಮೇ. ಗಂಜಿ ತಿನ್ನಿಸಿ, ಬಾಯಿ ಒರೆಸಿ, ಕೆಳಗಿಳಿದು ಬಂದೆ. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ನಾನು ಅತ್ತೆ. ಯಾರಿಗಾಗಿ ಅತ್ತೆನೋ ನನಗೆ ಈಗಲೂ ಗೊತ್ತಿಲ್ಲ...

ಲಿಫ್ಟಿನಲ್ಲಿ ಆದದ್ದು ತಲೆಯಿಂದ ಹೋಗದೆ ಅವತ್ತು ಸಂಜೆ ಕಾಕಾರ ಆ ಮೊಮ್ಮಗಳಿಗೆ ಫೋನು ಮಾಡಿದೆ. ಈಗ ಅವಳು ಪುಣೆಯಲ್ಲಿದ್ದಾಳೆ, ಮಡಿಲಲ್ಲಿ ನಾಲ್ಕು ತಿಂಗಳ ಕೂಸು. ಅವಳಪ್ಪ ಹೋಗಿ ವರ್ಷವಾಗುತ್ತ ಬಂತು, ಆಫೀಸಿನಲ್ಲೇ ಎದೆನೋವು ಬಂದು. ಮೊಮ್ಮಗುವನ್ನು ಅವನು ನೋಡಲಿಲ್ಲ. ಫೋನಿನಲ್ಲಿ ಹಿಂದೆ ಅವಳ ಗಂಡ ಕೂಸಿನ ಜೊತೆ ಏನೇನೋ ಮಾತಾಡುತ್ತ ಓಡಾಡುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದಳು. ಆಮೇಲೆ ಕೇಳಿದಳು.

"ಮೌಶಿ, ಸಣ್ಣಾಕಿ ಇದ್ದಾಗ ಅಪ್ಪ ನನ್ನ ಯಾವಾಗರೆ ಎತ್ಕೊಂಡಿದ್ದರೇನು? ಅಮ್ಮನ್ನ ಕೇಳಿದ್ರ, ನಾ ಆಫೀಸಿನಾಗ ಇರ್ತಿದ್ದೆ, ನಂಗೇನ್ ಗೊತ್ತು ಅಂತಾಳ."

ನನಗೆ ಒಂದು ಸಂಜೆ ನೆನಪಾಯಿತು. ಜ್ವರದ ಆ ಭಾನುವಾರಕ್ಕಿಂತ ಮುಂಚಿನದು. ಅವನು ಬೇಗ ಬಂದಿದ್ದ. ಹುಡುಗಿ ಕೆಳಗಿನ ಮೆಟ್ಟಿಲ ಮೇಲೆ ನನ್ನ ಮಗಳ ಜೊತೆ ಆಡುತ್ತಿದ್ದಳು. ನಾನು ಒಳಗೆ ಕಿಟಕಿಯ ಹತ್ತಿರ ಇದ್ದೆ, ಅವನು ನನ್ನನ್ನು ನೋಡಲಿಲ್ಲ. ಮೇಲೆ ಒಮ್ಮೆ, ಹಿಂದೆ ಒಮ್ಮೆ ಕಣ್ಣಾಡಿಸಿ, ಬ್ಯಾಗು ಕೆಳಗಿಟ್ಟು, ಹುಡುಗಿಯನ್ನು ಎತ್ತಿಕೊಂಡ. ಅವಳ ಕೊರಳಿನ ಸಂದಿಯಲ್ಲಿ ಮೂಗಿಟ್ಟು ಕಣ್ಣು ಮುಚ್ಚಿದ. ಹುಡುಗಿ ಕಚಗುಳಿಗೆ ಕಿಲಕಿಲ ನಕ್ಕಳು.

"ಎತ್ಕೊಂಡಿದ್ದರವ್ವಾ," ಎಂದೆ. "ಮೆಟ್ಟಿಲ ಮ್ಯಾಲೆ. ನಾ ಕಣ್ಣಾರೆ ನೋಡೀನಿ."

"ಹೌದಾ? ಭಾಳ ಹೊತ್ತು ಎತ್ಕೊಂಡಿದ್ದರಾ?"

ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ.

"ಮ್ಯಾಲೆ ನಿಮ್ಮಜ್ಜ ಕೆಮ್ಮೋತನಕ," ಎಂದೆ.